ಕುರಿಗಾಗಿ ನಿಂತ ಬಸ್ಸು

ಗದಗದಿಂದ ಮುಂಡರಗಿಗೆ ಹೋಗುವ ತಡೆರಹಿತ ಬಸ್ಸಿಗೆ ನಾನು ಆಗ ಹೊಸ ಕಂಡಕ್ಟರ್. ಬಸ್ಸು ಊರು ದಾಟಿದ ಮೇಲೆ ಅಜ್ಜಿಯೊಬ್ಬಳು, "ನನ್ನ ತಂಗಿ ತೀರಿಕೊಂಡಾಳ್ರಿ. ಆಕಿ ಊರ ಕ್ರಾಸಿನಾಗ ಇಳಿಸ್ರಿ. ಮಣ್ಣಿಗೆ ಒಯ್ಯೂದ್ರಾಗ ಕಡೀ ಸಲ ಆಕಿ ಮಾರಿ ನೋಡಬೇಕು" ಎಂದಳು.

"ಅಲ್ಲಿ ಸ್ಟಾಪ್ ಇಲ್ಲಬೇ. ಮುಂಡರಗಿಗೇ ಟಿಕೆಟ್" ಎಂದೆ. ಅಜ್ಜಿ ಟಿಕೆಟ್ ತೆಗೆದುಕೊಂಡಳು.

ಆ ಕ್ರಾಸಿನಲ್ಲಿಯೇ ಕುರಿಹಿಂಡು ರಸ್ತೆ ದಾಟುತ್ತಿತ್ತು. ಬಸ್ಸು ನಿಂತಿತು. ಅಜ್ಜಿ ಎದ್ದು ಬಾಗಿಲ ಹತ್ತಿರ ಬಂದಳು. "ನಿಂತೈತಲ್ರಿ" ಎಂದಳು.

"ಕುರಿ ಸಲುವಾಗಿ ನಿಂತೈತಿ. ಇಲ್ಲಿ ಇಳಿಸಾಕ ಕಾಯ್ದೆ ಇಲ್ಲ" ಎಂದೆ. ಡ್ರೈವರ್ ಹೊರಳಿ ನನ್ನನ್ನು ನೋಡಿದ. ಆದರೂ ನಾನು ಬಾಗಿಲು ತೆಗೆಯಲಿಲ್ಲ.

ವಾರದ ನಂತರ ಅವಳು ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಕಂಡಳು. ನಾನೇ ಹತ್ತಿರ ಹೋಗಿ, "ತಂಗಿ ಮಾರಿ ನೋಡಾಕ ಸಿಕ್ತೇನಬೇ?" ಎಂದು ಕೇಳಿದೆ.

"ಇಲ್ಲಪಾ. ನಾ ಇಲ್ಲಿಂದ ಹೊಳ್ಳಿ ಹೋಗೂದ್ರಾಗ ಮಣ್ಣು ಮಾಡಿ ಬಿಟ್ಟಿದ್ರು." ಅವಳೇ ನನಗೆ ಸಮಾಧಾನ ಹೇಳಿದಳು: "ನಿನ್ನ ನೌಕರಿ ಹಂಗೈತಿ. ನೀನರ ಏನ್ ಮಾಡ್ತಿ."

ಬೈದಿದ್ದರೆ ಚಲೋ ಇತ್ತು.

ಆ ದಿನ ನಾನು ಒಂದು ನಿಯಮವನ್ನೂ ಮುರಿದಿರಲಿಲ್ಲ. ಮೇಲಿನವರು ಯಾರು ಕೇಳಿದರೂ ಎದೆ ತಟ್ಟಿ ಹೇಳಬಲ್ಲೆ. ಕೇಳುವವರೇ ಇನ್ನೂ ಸಿಕ್ಕಿಲ್ಲ.