ಎಡಗಡೆ ಸೀಟಿನ ಚಂದಾ

ಯಾದಗಿರಿಗೆ ಬಂದ ಮೊದಲ ದಿನ ಸ್ಟೇಷನ್ ರಸ್ತೆಯಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಬೇವಿನ ಮರದ ಕೆಳಗೆ ನಿಂತಿದ್ದ ಒಬ್ಬರನ್ನು "ಸಾರ್, ಮುದನಾಳಕ್ಕೆ ಹೇಗೆ ಹೋಗೋದು?" ಎಂದು ಕೇಳಿದೆ. ಅವರು ಬಾಯಿ ತೆಗೆಯಲಿಲ್ಲ, ಬಾಗಿಲು ತೆಗೆದರು. ಎಡಗಡೆ ಸೀಟಿನಲ್ಲಿದ್ದ ನನ್ನ ಊಟದ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ನಡೀರಿ."

"ಅಲ್ಲ ಸಾರ್, ದಾರಿ ಹೇಳಿದ್ರೆ ಸಾಕಾಗಿತ್ತು…"

"ಹೇಳಾಕ ಅಲ್ಲೇನ್ರಿ ಕುಂತದ್ದು? ನಡೀರಿ, ಹಿಂದ ಗಾಡಿ ನಿಂತಾವು."

ಮುದನಾಳ ಮುಟ್ಟುವುದರೊಳಗೆ ಅವರು ನನ್ನ ಊರು, ಸಂಬಳ, ಮದುವೆಯಾಗದ ಕಾರಣ, ಡಬ್ಬಿಯೊಳಗಿನ ಚಿತ್ರಾನ್ನ ಎಲ್ಲವನ್ನೂ ವಿಚಾರಿಸಿ ಮುಗಿಸಿದ್ದರು. ಊರ ಮುಂದಿನ ಕಟ್ಟೆ ಬಂದೊಡನೆ "ನಿಂದರಸ್ರಿ" ಎಂದು ಇಳಿದು, ಡಬ್ಬಿಯನ್ನು ಸೀಟಿನ ಮೇಲಿಟ್ಟು, ತಿರುಗಿ ನೋಡದೆ ನಡೆದುಬಿಟ್ಟರು. ನಾನು ಮೊದಲು ಜೇಬು ಮುಟ್ಟಿ ನೋಡಿಕೊಂಡೆ. ಪರ್ಸು ಇತ್ತು. ಆಮೇಲೆ ಡಬ್ಬಿ ತೆರೆದು ನೋಡಿದೆ. ಚಿತ್ರಾನ್ನವೂ ಇತ್ತು. ನಮ್ಮ ಮಳವಳ್ಳಿ ಕಡೆ ಪರಿಚಯದವರೇ ಆದರೂ "ಒಸಿ ಜಾಗ ಆಯ್ತದಾ?" ಎಂದು ಕೇಳಿ, ನಾವು ಎರಡು ಸಲ ಕರೆದ ಮೇಲೆ ಕೂರುತ್ತಾರೆ. ಇಲ್ಲಿ ಖಾಲಿ ಸೀಟೆಂದರೆ ಊರಿನ ಸೀಟು.

ನಾನು ಬೀಜದ ಕಂಪನಿಯ ಮನುಷ್ಯ. ಯಾದಗಿರಿ, ಶಹಾಪುರ, ಸುರಪುರದ ಅಂಗಡಿಗಳಿಗೆ ಹತ್ತಿ, ತೊಗರಿ ಬೀಜ ತಲುಪಿತೇ, ಮೊಳಕೆ ಸರಿಯಾಗಿ ಬಂತೇ ಎಂದು ವಿಚಾರಿಸುತ್ತ ದಿನವಿಡೀ ಕಂಪನಿಯ ಕಾರಿನಲ್ಲಿ ಸುತ್ತುವುದು ನನ್ನ ಕೆಲಸ. ಇರುವುದು ಖಾಸಿಂ ಭಾಯಿಯ ಮೆಸ್ಸಿನ ಮೇಲಿನ ಒಂದೇ ಕೋಣೆಯಲ್ಲಿ. ಮೊದಲ ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಡಿಸಿದರು. ಪುಂಡಿಪಲ್ಯ ಎಂದರೆ ಹುಳಿ ಸೊಪ್ಪಿನ ಪಲ್ಯ. ಮೊದಲ ತುತ್ತಿಗೇ ಕಣ್ಣು ತಾನಾಗಿ ಮುಚ್ಚಿಕೊಂಡಿತು. ನಾನು ಮೆಲ್ಲಗೆ "ಮುದ್ದೆ ಸಿಗಲ್ವಾ?" ಎಂದೆ. ಖಾಸಿಂ ಭಾಯಿ ತಲೆಯಿಂದ ಕಾಲಿನವರೆಗೆ ನೋಡಿದರು.

"ಮುದ್ದಿ? ಜ್ವರ ಬಂದದೇನ್ರಿ ನಿಮಗ?"

ಒಳಗಿನಿಂದ ಅವರ ಹೆಂಡತಿ "ಕೌನ್ ಹೈ ಜೀ?" ಎಂದರು. "ನಯಾ ಛೋಕ್ರಾ, ಮಂಡ್ಯಾ ಕಾ" ಎಂದರು ಇವರು. ಅಂದಿನಿಂದ ನನ್ನ ಹೆಸರು ಮಂಡ್ಯ. ನನ್ನ ನಿಜವಾದ ಹೆಸರನ್ನು ಯಾದಗಿರಿಯಲ್ಲಿ ಬಳಸುವವರು ಕೊರಿಯರ್‌ನವರು ಮಾತ್ರ.

ನನಗಿರುವ ಒಂದೇ ವಿದ್ಯೆ ಇನ್ನೊಬ್ಬರಂತೆ ಮಾತಾಡುವುದು. ಚಿಕ್ಕಂದಿನಲ್ಲಿ ಇದು ನಮ್ಮ ಮನೆಯ ಆಟ. ನಾನು ಜಗಲಿಯಲ್ಲಿ ಕೂತು ಯಾರದಾದರೂ ದನಿ ತೆಗೆಯುವುದು, ಅವ್ವ ಒಲೆಯ ಮುಂದಿನಿಂದಲೇ "ಹಾಲಿನ ಡೈರಿ ಸಣ್ಣಪ್ಪ" "ನಿಮ್ ಸೋದರತ್ತೆ" ಎಂದು ಹೇಳುವುದು. ಅವ್ವ ಒಮ್ಮೆಯೂ ತಪ್ಪಿದವಳಲ್ಲ. ಸೋದರತ್ತೆ ಮನೆಯಲ್ಲಿದ್ದಾಗಲೂ ತಪ್ಪಲಿಲ್ಲ, ಅದಕ್ಕೆ ನನಗೆ ಏಟು ಬಿತ್ತು.

ಇಲ್ಲಿ ಬಂದ ಮೇಲೆ ಹೊಸ ದನಿಗಳು ಬೇಕಾದಷ್ಟು ಸಿಕ್ಕವು. ಮೊದಲು ಎಲ್ಲವೂ ಜಗಳದಂತೆ ಕೇಳಿಸುತ್ತಿದ್ದವು. "ಬರ್ರಿ, ಕುಂದರ್ರಿ, ಉಣ್ರಿ" ಎಂದರೆ ಯಾರೋ ನನ್ನನ್ನು ಊಟಕ್ಕೆ ಬಂಧಿಸುತ್ತಿದ್ದಾರೆ ಎನಿಸುತ್ತಿತ್ತು. ತಿಂಗಳೊಳಗೆ ಖಾಸಿಂ ಭಾಯಿಯನ್ನು ಖಾಸಿಂ ಭಾಯಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಆದರೆ ಕೇಳುವವರು ಯಾರು? ದನಿಗಳೆಲ್ಲ ಬಾಯಿ ತುಂಬ ಇದ್ದವು, ಎದುರಿಗೆ ಒಬ್ಬರೂ ಇರಲಿಲ್ಲ. ರಾತ್ರಿ ಫೋನಿನಲ್ಲಿ ಅವ್ವನಿಗೆ ಕೇಳಿಸಿದರೆ, "ಅವರ್ಯಾರೂ ನನಗೆ ಗೊತ್ತಿಲ್ವಲ್ಲ ಮಗ, ಯಾರು ಅಂತ ಯೋಳ್ಲಿ?" ಎನ್ನುತ್ತಿದ್ದಳು. ಆಟ ಅಲ್ಲಿಗೆ ನಿಂತಿತು.

ಆ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಎಡಗಡೆ ಸೀಟು. ಅಬ್ಬೆತುಮಕೂರಿನ ಮಠಕ್ಕೆ ಹೊರಟ ಅಜ್ಜಿ, ತಿಂಥಣಿಯ ದೇವರಿಗೆ ನಡೆದುಕೊಳ್ಳಲು ಹೊರಟ ಹೊಸ ದಂಪತಿ, ಸಂತೆಯಿಂದ ಕೋಳಿ ಹಿಡಿದು ಬಂದವರು, ಎಲ್ಲರೂ ಕೈ ಅಡ್ಡ ಹಾಕಿ ಹತ್ತುತ್ತಿದ್ದರು. ಮೊದಲ ದಿನದ ಗಾಬರಿ ಹೋಗಿ, ಯಾರೂ ಕೈ ಹಾಕದಿದ್ದರೆ ನಾನೇ ನಿಧಾನ ಮಾಡುವ ಹಂತಕ್ಕೆ ಬಂದಿದ್ದೆ. ಅಷ್ಟರಲ್ಲಿ ಕಂಪನಿಯಿಂದ ಆಜ್ಞೆ ಬಂತು: ಹೊರಗಿನವರನ್ನು ಕಾರಿನಲ್ಲಿ ಕೂರಿಸಬಾರದು. ಕಾರಿನೊಳಗೆ ಕ್ಯಾಮೆರಾ ಬಂತು.

"ಒಬ್ಬಾವನ ಹೊಂಟೀರಿ, ಜಾಗಾ ಐತಿ, ಒಯ್ಯಾಕೇನಾತ್ರಿ?" ಎಂದು ಶಹಾಪುರದ ಕ್ರಾಸಿನಲ್ಲಿ ಒಬ್ಬರು ಕೇಳಿದರು.

"ಕಂಪನಿ ರೂಲ್ಸು, ಅಣ್ಣಾರ."

"ಕಂಪನಿ ಏನು ನಿಮ್ಮ ತೊಡಿಮ್ಯಾಲ ಕುಂತದೇನು?"

ಪಕ್ಕದಲ್ಲಿ ಕುಳಿತಿದ್ದದ್ದು ತೊಗರಿ ಬೀಜದ ಚೀಲ. ಎಡಗಡೆ ಸೀಟಿನಲ್ಲಿ ಅದನ್ನಿಟ್ಟರೆ ಬೆಲ್ಟು ಹಾಕಲಿಲ್ಲವೆಂದು ಕಾರು ಕೂಗುತ್ತಿತ್ತು. ಅದಕ್ಕೂ ಬೆಲ್ಟು ಹಾಕಿದೆ. ಆಮೇಲೆ ಅದರೊಂದಿಗೆ ಮಾತಾಡತೊಡಗಿದೆ. ಒಂದು ದಿನ ಭೀಮಾ ನದಿಯ ಸೇತುವೆಯ ಮೇಲೆ ಅದರ ದನಿಯಲ್ಲಿ ನಾನೇ ಉತ್ತರ ಕೊಟ್ಟೆ. ತೊಗರಿಗೆ ಸ್ವಲ್ಪ ಗೊಗ್ಗರು ಕಂಠವಿರುತ್ತದೆ ಎಂದು ನನ್ನ ಅಂದಾಜು. ನಕ್ಕೆ. ನಗು ಮುಗಿದ ಮೇಲೆ ಕಾರಿನಲ್ಲಿ ಎಂಥ ಮೌನ ಬಿತ್ತೆಂದರೆ, ಬೇಡ, ಅದನ್ನು ಬರೆಯುವುದಿಲ್ಲ. ವರ್ಗಾವಣೆಗೆ ಅರ್ಜಿ ಹಾಕಿದ್ದು ಆ ವಾರವೇ.

ಕಾರು ಓಡಿಸುವವರದೊಂದು ಸಂಘವಿದೆಯೆಂದು ತಿಳಿದದ್ದು ಸುರಪುರದ ಒಬ್ಬ ಡೀಲರಿಂದ. ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದು ಬಂದ ಡಾಕ್ಟರೊಬ್ಬರು ಅಲ್ಲಿ ನೋಡಿದ ಒಂದು ಪದ್ಧತಿಯನ್ನು ಇಲ್ಲಿ ಶುರುಮಾಡಿದ್ದರು. ಲೈಸೆನ್ಸ್ ಇದ್ದವರೇ ವರ್ಷದ ಚಂದಾ ಕಟ್ಟಿ, ಇನ್ನೂ ಚೆನ್ನಾಗಿ ಓಡಿಸುವುದನ್ನು ಕಲಿಯಬೇಕು. ಭಾನುವಾರ ಬೆಳಿಗ್ಗೆ ಅನುಭವಿ ಸದಸ್ಯರೊಬ್ಬರು ಪಕ್ಕದಲ್ಲಿ ಕೂತು ನೋಡುತ್ತಾರೆ. ತರಬೇತಿ ಎಂದಾಗ ಅವರನ್ನು ಕೂರಿಸಲು ಕಂಪನಿಯೂ ಒಪ್ಪಿತು. ಚಂದಾ ಕೊಡಲು ಮಾತ್ರ ಒಪ್ಪಲಿಲ್ಲ.

ಚಂದಾ ಎಷ್ಟೆಂದರೆ ನನ್ನ ಒಂದು ತಿಂಗಳ ಮೆಸ್ಸಿನ ಬಿಲ್ಲಿನಷ್ಟು. ಖಾಸಿಂ ಭಾಯಿ ಕೇಳಿ ಸೌಟು ಕೆಳಗಿಟ್ಟರು.

"ಲೈಸನ್ಸ್ ಐತಿ, ಗಾಡಿ ಓಡಸ್ತೀರಿ, ಮತ್ತ ರೊಕ್ಕ ಕೊಟ್ಟು ಏನ್ ಕಲಿತೀರಿ ಮಿಯಾ?"

"ಪಕ್ಕದಾಗ ಒಬ್ಬರು ಕುಂತು ನೋಡ್ತಾರ, ಭಾಯಿ."

"ಹಂಗಾರ ನಾ ಕುಂದರ್ತೀನಿ, ಬಿಟ್ಟಿ. ಒಂದು ಚಾ ಕುಡಸ್ರಿ ಸಾಕು."

ಮಾತು ಸರಿಯಾಗಿಯೇ ಇತ್ತು. ಕೇಳದೆಯೇ ಎಲ್ಲರೂ ಹತ್ತಿ ಕೂರುವ ಈ ಸೀಮೆಯಲ್ಲಿ, ದುಡ್ಡು ಕೊಟ್ಟು ಪಕ್ಕದಲ್ಲಿ ಜನರನ್ನು ಕೂರಿಸಿಕೊಂಡ ಮೊದಲ ಮೂರ್ಖ ನಾನೇ ಇರಬೇಕು.

ನನ್ನ ಪಾಲಿಗೆ ಬಂದವರು ಶರಣಮ್ಮ ಮೇಡಂ. ಶಹಾಪುರದ ಹೈಸ್ಕೂಲಿನ ಪಿ.ಟಿ. ಟೀಚರು. ಭಾನುವಾರವೂ ಕೊರಳಲ್ಲಿ ಸೀಟಿ. ಸೀಟಿ ಎಂದರೆ ಇಲ್ಲಿ ಪೀಪಿ, ನಮ್ಮ ಕಡೆಯವರು ಕುರ್ಚಿ ಎಂದುಕೊಂಡೀರಿ! ಬೀಜದ ಚೀಲವನ್ನು ಹಿಂದಕ್ಕೆ ಎಸೆದು ಕೂತವರೇ ಹೇಳಿದರು:

"ನಡಿ ತಮ್ಮಾ. ಬಾಯಿ ತಗಿ. ಕಣ್ಣಿಗಿ ಏನ್ ಕಾಣ್ತದ, ಏನ್ ಮಾಡ್ತಿ, ಒಂದೂ ಬಿಡದ ಹೇಳಕೋಂತ ನಡಿ."

ಇದು ಆ ಸಂಘದ ಮುಖ್ಯ ಕಸರತ್ತು. ಕಂಡದ್ದನ್ನು ಬಾಯಲ್ಲಿ ಹೇಳುತ್ತ ಓಡಿಸಿದರೆ ಕಣ್ಣು ನಿದ್ದೆ ಹೋಗುವುದಿಲ್ಲವಂತೆ. ನನಗಂತೂ ಕೇಳಬೇಕೇ? ತಿಂಗಳುಗಟ್ಟಲೆ ತೊಗರಿ ಚೀಲಕ್ಕೆ ನಾಟಕ ಮಾಡಿದವನು! ಬಸ್ ಕಂಡಕ್ಟರನ ದನಿಯಲ್ಲಿ ಸೇತುವೆ ದಾಟಿಸಿದೆ. ಖಾಸಿಂ ಭಾಯಿಯ ದನಿಯಲ್ಲಿ ಟ್ರ್ಯಾಕ್ಟರನ್ನು ಹಿಂದೆ ಹಾಕಿದೆ. ಧೈರ್ಯ ಬಂದು ಮೇಡಂರ ದನಿಯಲ್ಲೇ "ಏ ಎಮ್ಮಿ, ಲೈನಿಗಿ ಬಾ!" ಎಂದೆ. ಮೇಡಂ ಡ್ಯಾಶ್‌ಬೋರ್ಡಿಗೆ ಹೊಡೆದುಕೊಂಡು ನಕ್ಕರು. ಸೀಟಿಯ ದಾರದಿಂದ ಕಣ್ಣೀರು ಒರೆಸಿಕೊಂಡರು. ಆಮೇಲೆ ಹೇಳಿದರು.

"ಆತು. ಈಗ ನೀ ಹೇಳು."

"ಹೇಳಾಕತ್ತೀನಲ್ರಿ ಮೇಡಂ."

"ಅದು ನಾ ಹೇಳಿದ್ದು. ಅದಕ್ಕೂ ಮೊದಲಿಂದು ಕಂಡಕ್ಟರ್ ಹೇಳಿದ್ದು. ರಸ್ತಾ ನಿನಗ ಏನ್ ಕಾಣಾಕತ್ತದ? ನೀ ಹೇಳು."

ಬಾಯಿ ತೆರೆದೆ. ಬಂದದ್ದೆಲ್ಲ ಬೇರೆಯವರದು. "ಮುಂದೆ ತಿರುವು ಇದೆ" ಎಂದರೆ ಯಾವುದೋ ಜಾಹೀರಾತಿನ ದನಿ. "ತಿರುವು ಐತೆ" ಎಂದರೆ ಅದು ನಮ್ಮೂರ ಡೈರಿ ಸಣ್ಣಪ್ಪ. "ತಿರುವು ಅದ" ಎಂದರೆ ಇವರು. ಶಹಾಪುರದ ಗುಡ್ಡ ಕಾಣುವವರೆಗೆ ಸುಮ್ಮನೆ ಓಡಿಸಿದೆ. ಮೇಡಂ ಬೈಯಲಿಲ್ಲ. "ಇರ್ಲಿ, ಮುಂದಿನ ವಾರ ಬರ್ತದ" ಎಂದಷ್ಟೇ ಹೇಳಿ ಇಳಿದರು.

ಮುಂದಿನ ವಾರವೂ ನನ್ನ ದನಿ ಬರಲಿಲ್ಲ. ಆದರೆ ಓಡಿಸುವುದು ಬಂತು. ತಿರುವಿನ ಆಚೆ ರಸ್ತೆ ಎತ್ತ ಹೋಗುತ್ತದೆಂದು ಕರೆಂಟು ಕಂಬಗಳ ಸಾಲು ಮೊದಲೇ ಹೇಳುತ್ತದೆ. ಒಂದು ಆಡು ರಸ್ತೆ ದಾಟಿದ್ದರೆ ಉಳಿದವು ನಿಲ್ಲುವುದಿಲ್ಲ, ನಾವೇ ನಿಲ್ಲಬೇಕು. ಹಾರನ್ನು ಬೈಗುಳವಲ್ಲ. ಇಂಥವು ಒಂದೊಂದೇ ಮೈಗೆ ಹತ್ತಿದವು. ಊರಿನಿಂದ ಗೆಳೆಯರು ಕೇಳುತ್ತಾರೆ, ಆ ಚಂದಾ ಕೊಟ್ಟದ್ದಕ್ಕೆ ಸಾರ್ಥಕವೇನೋ ಎಂದು. ಸಂಘದವರು ಗಾಜಿಗೆ ಅಂಟಿಸುವ ಒಂದು ಚೀಟಿ ಕೊಡುತ್ತಾರೆ. ಅದನ್ನು ನೋಡಿ ಪೊಲೀಸರು ಸಲಾಮು ಹೊಡೆಯುವುದಿಲ್ಲ, ವಿಮೆಯವರು ಒಂದು ರೂಪಾಯಿ ಇಳಿಸುವುದಿಲ್ಲ. ಮನೆ ತುಂಬ ಜನ ಇರುವವರಿಗೆ, ಕಲಿತ ಮೇಲೆ ಮತ್ತೆ ಕಟ್ಟುವ ಅಗತ್ಯವಿಲ್ಲ ಎಂದೇ ಹೇಳುತ್ತೇನೆ. ಒಂದು ವರ್ಷದಲ್ಲಿ ಕಲಿಯುವಷ್ಟನ್ನು ಕಲಿಯಬಹುದು. ನನ್ನ ವಿಷಯ ಬೇರೆ. ವಾರವಿಡೀ ಚೀಲ ಕೂರುವ ಸೀಟಿನಲ್ಲಿ ಭಾನುವಾರ ಒಬ್ಬರು ಮನುಷ್ಯರು ಕೂತು, ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದರು.

ಚಂದಾ ಮುಗಿಯುವ ಹೊತ್ತಿಗೇ ವರ್ಗಾವಣೆಯೂ ಮಂಜೂರಾಯಿತು. ಮಂಡ್ಯಕ್ಕೇ! ಒಪ್ಪಿಗೆಯೋ ಇಲ್ಲವೋ ರಜೆ ಮುಗಿಸಿ ಬಂದು ತಿಳಿಸು ಎಂದರು ಮ್ಯಾನೇಜರು. ನಾನು ಮೇಡಂರನ್ನು ಆರು ತಿಂಗಳಿಗಷ್ಟೇ ಚಂದಾ ಕಟ್ಟಬಹುದೇ ಎಂದು ಕೇಳಿದೆ.

"ಅರ್ಧ ಕುಂದರೂದು ಹೆಂಗೋ? ಬಾಗಲ್ದಾಗ ಜೋತಬೀಳ್ಲೇನು ನಾ?" ಎಂದರು. ವರ್ಷ ಅಂದರೆ ವರ್ಷ. ಕಟ್ಟಿದರೆ ಇರಬೇಕು. ಹೋಗುವುದಾದರೆ ಕಟ್ಟಬಾರದು.

ಊರಿಗೆ ಹೋದೆ. ಭಾವನ ಕಾರಿನಲ್ಲಿ ಅವ್ವನನ್ನು ಅಕ್ಕನ ಮನೆಗೆ ಕರೆದೊಯ್ಯುತ್ತಿದ್ದೆ. ಅವ್ವ ಎಡಗಡೆ ಸೀಟಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಕಬ್ಬಿನ ಗದ್ದೆಯ ತಿರುವಿನಲ್ಲಿ ಒಂದು ಆಡು ರಸ್ತೆ ದಾಟಿತು. ಅಭ್ಯಾಸಬಲ, ಬಾಯಿ ತಾನಾಗಿ ತೆರೆಯಿತು.

"ಒಂದು ದಾಟ್ಯದ. ಉಳಿದಾವು ಬರ್ತಾವ ನೋಡು. ಹಿಂದ ಯಾರೂ ಇಲ್ಲ. ನಿಂದರಸ್ತೀನಿ."

ಕಾರು ನಿಂತಿತು. ಆಡುಗಳು ಬಂದವು. ಅವ್ವ ನನ್ನತ್ತ ತಿರುಗಿ, ಹಳೆಯ ಆಟ ನೆನಪಾಗಿ ಬಾಯಿ ತುಂಬ ನಕ್ಕಳು.

"ತಡಿ, ತಡಿ, ನಾನೇ ಯೋಳ್ತೀನಿ. ನಿಮ್ಮ್ ಮೆಸ್ಸಿನ ಸಾಬ್ರು."

"ಅಲ್ಲ ಅವ್ವ."

"ಸೀಟಿ ಮೇಷ್ಟ್ರಮ್ಮ."

"ಅಲ್ಲ."

ಅವ್ವ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿದಳು. "ಗೊತ್ತಾಗ್ನಿಲ್ಲ ಕನ್ಲಾ. ಯಾರದು?"

"ನಾನೇ ಕನವ್ವ."

ಅವ್ವ ನಗುವುದನ್ನು ನಿಲ್ಲಿಸಿದಳು. ಕೊನೆಯ ಮರಿ ದಾಟುವವರೆಗೂ ರಸ್ತೆಯನ್ನೇ ನೋಡಿದಳು. "ವೋದ್ವು. ನಡಿ" ಎಂದಳು. ಅಕ್ಕನ ಮನೆ ಬಂದು ಇಳಿಯುವಾಗ ನನ್ನ ಕೆನ್ನೆ ಮುಟ್ಟಿ ನೋಡಿದಳು. ಜ್ವರ ಬಂದವರನ್ನು ಮುಟ್ಟಿದಂತೆ.

ಯಾದಗಿರಿಗೆ ಮರಳಿ, ಮ್ಯಾನೇಜರಿಗೆ ಇನ್ನೊಂದು ವರ್ಷ ಇಲ್ಲೇ ಇರುತ್ತೇನೆಂದು ಹೇಳಿದೆ. ಒಂದೇ ವರ್ಷವೇಕೆ ಎಂದು ಕೇಳಿದರು. ಸಂಘದವರು ಅಷ್ಟೇ ಕೊಡುವುದು ಸಾರ್ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಚಂದಾ ಕಟ್ಟಿದೆ. ಅವ್ವನಿಗೆ ಇನ್ನೂ ಹೇಳಿಲ್ಲ.

ಮೊನ್ನೆ ಭಾನುವಾರ ಶರಣಮ್ಮ ಮೇಡಂ ಚೀಲವನ್ನು ಹಿಂದಕ್ಕೆ ಎಸೆದು ಕೂತರು. "ಹೂಂ, ಹೇಳು" ಎಂದರು. ಒಂದು ವಾರ ಅವ್ವನ ಜೊತೆ ಇದ್ದು ಬಂದ ನಾಲಿಗೆ. ಸೇತುವೆಯ ಬಳಿ ಬಾಯಿ ತೆರೆದಾಗ ಬಂದದ್ದು ಇದು: "ಮುಂದೆ ಗಾಡಿ ನಿಂತದೆ, ಆಡ್ಗಳು ಬತ್ತಾವೆ, ಒಸಿ ತಡೀತೀನಿ."

ಮೇಡಂ ಸೀಟಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು.

"ಇವಾ ಯಾಂವೋ ಹೊಸಬಾಂವ?"

"ನಮ್ಮೂರಾಂವ್ರಿ ಮೇಡಂ."

"ಇರ್ಲಿ ಬಿಡು, ಅವನೂ ಕುಂದರ್ಲಿ" ಎಂದರು. "ಹಿಂದಿನ ಸೀಟು ಖಾಲಿನೇ ಐತಲ್ಲ. ಚೀಲ ಒಂಚೂರು ಸರಸು."