ಅಗಸಿಯಲ್ಲಿ ನಿಂತು ಕರೆದ ಹೆಸರು

ಯಾವ ಕುರಿ ಯಾವತ್ತು ಮರಿ ಹಾಕಿತು, ಗೋಕಾಕದ ಬಸ್ಸು ಎಷ್ಟು ತಡವಾಯಿತು... ಎಲ್ಲವನ್ನೂ ದಿನಚರಿಯಲ್ಲಿ ಗುರುತು ಹಾಕುವವನು ನಾನು. ಆಗದೇ ಇದ್ದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಇದೂ ಆದದ್ದೇ. ಬುಧವಾರ, ಅಮಾವಾಸ್ಯೆಯ ಹಿಂದಿನ ದಿನ, ದೀಪ ಹಚ್ಚುವ ಹೊತ್ತು.

ಘಟಪ್ರಭೆಯ ದಂಡೆಯ ಮೇಲೆ ನಮ್ಮ ಹಳೇ ಊರಿದೆ. ರಾಜರ ಕಾಲದ್ದು. ಸುತ್ತ ಕಲ್ಲಿನ ಗೋಡೆ, ಒಳಗೆ ಹೋಗಲು ಒಂದೇ ಅಗಸಿ ಬಾಗಿಲು, ಎರಡು ಎತ್ತು ಜೋಡಿಯಾಗಿ ಹೋಗಲಾರದ ಓಣಿಗಳು. ಮಳೆಗಾಲ ಬಂತೆಂದರೆ ಹೊಳೆ ಮನೆಯೊಳಗೆ ಬರುತ್ತಿತ್ತು. ಕೊನೆಗೆ ಎಲ್ಲರೂ ಮೇಲಿನ ದಿಬ್ಬದಲ್ಲಿ ಮನೆ ಕಟ್ಟಿಕೊಂಡೆವು.

ಊರು ಬಿಟ್ಟ ದಿನ ಒಂದು ಶಾಸ್ತ್ರ ನಡೆಯಿತು. ಪ್ರತಿ ಮನೆಯ ಹಿರಿಯರು ದೀಪ ಹಿಡಿದು ಅಗಸಿಯ ಹೊರಗೆ ನಿಂತು, ಊರ ಕಡೆ ಮುಖ ಮಾಡಿ, ಆ ಮನೆಯಲ್ಲಿ ಸತ್ತವರ ಹೆಸರು ಹಿಡಿದು ಮೂರು ಸಲ ಕರೆದರು. ಕರೆದ ಮೇಲೆ ತಿರುಗಿ ನೋಡದೆ ಹೊಸ ಮನೆಗೆ ನಡೆಯಬೇಕು. ಸತ್ತವರು ಹಿಂದೆ ಬರುತ್ತಾರೆಂದು ನಂಬಿಕೆ. ನಮ್ಮ ಮನೆಯವರನ್ನು ಕರೆದವರು ಯಲ್ಲಪ್ಪ ಕಾಕಾ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರೂ ಅವರೇ.

ಆ ಬುಧವಾರ ಗಬ್ಬದ ಕುರಿಯೊಂದು ಹಿಂಡು ಬಿಟ್ಟು ಹಳೇ ಊರೊಳಗೆ ಹೊಕ್ಕಿತು. ಕಾಕಾ ನನ್ನ ಕೈಗೆ ಬ್ಯಾಟರಿ ಕೊಟ್ಟು ಅಗಸಿಯ ಹೊರಗೆ ನಿಲ್ಲಿಸಿದರು.

"ನೀ ಇಲ್ಲೇ ನಿಂದ್ರು. ನೀ ಒಳಗ ಬಂದ್ರ ಕುರಿ ಬಿಟ್ಟು ನಿನ್ನ ಹುಡಕೂದಾಕೈತಿ," ಎಂದು ನಗುತ್ತ ಹೋದರು.

ಕತ್ತಲಾಯಿತು. ಮೊದಮೊದಲು ಅವರ ಸಿಳ್ಳು ಕೇಳುತ್ತಿತ್ತು... ಆಮೇಲೆ ನಿಂತಿತು. ಎಲ್ಲೋ ಗೋಡೆ ಕುಸಿದ ಸಪ್ಪಳ. ಅದರ ಬೆನ್ನಿಗೇ ಒಲೆಯ ಹೊಗೆಯ ವಾಸನೆ. ಒಂದೂ ಒಲೆ ಉರಿಯದ ಊರಿನಲ್ಲಿ, ಯಾರೋ ಹಸಿ ಕಟ್ಟಿಗೆ ಇಟ್ಟು ರೊಟ್ಟಿ ಸುಡುತ್ತಿರುವ ಹಾಗೆ.

ಗೋಡೆ ಕಾಕಾನ ಮೇಲೆ ಬಿದ್ದಿದ್ದರೆ? ಬ್ಯಾಟರಿ ಎತ್ತಿ ಹಿಡಿದು ಕೂಗಿದೆ.

"ಯಲ್ಲಪ್ಪ ಕಾಕಾ, ಮನಿಗಿ ಬರ್ರಿ."

ಮತ್ತೆ ಕೂಗಿದೆ. ಮೂರನೇ ಸಲ ಕೂಗಿ ಮುಗಿಸಿದಾಗ ಊರು ಬಿಟ್ಟ ದಿನದ ಶಾಸ್ತ್ರ ನೆನಪಾಯಿತು... ಅಗಸಿ. ಕೈಯಲ್ಲಿ ಬೆಳಕು. ಮೂರು ಸಲ ಹೆಸರು. ಅದೂ ಬದುಕಿರುವವರ ಹೆಸರು.

"ಬಂದ್ನೆಪಾ."

ಕಾಕಾನದೇ ದನಿ. ಹೆಜ್ಜೆಗಳು ಓಣಿಯಲ್ಲಿ ಹತ್ತಿರ ಬಂದವು, ಅಗಸಿ ದಾಟಿದವು, ನನ್ನ ಪಕ್ಕದಲ್ಲೇ ನಿಂತವು. ಬೆಳಕಿನಲ್ಲಿ ಯಾರೂ ಇರಲಿಲ್ಲ. ಹೊಳೆಯ ಹಸಿ ಮಣ್ಣಿನ ವಾಸನೆ ಮಾತ್ರ.

ನಾನು ದಿಬ್ಬದ ಕಡೆ ನಡೆದೆ. ತಿರುಗಿ ನೋಡಲು ಧೈರ್ಯವಿರಲಿಲ್ಲ. ಒದ್ದೆ ಚಪ್ಪಲಿಯ ಸಪ್ಪಳ ಮನೆಯವರೆಗೂ ಹಿಂದೆಯೇ ಬಂತು. ಅಂಗಳದಲ್ಲಿ ನನ್ನನ್ನು ದಾಟಿ ಮುಂದೆ ಹೋಯಿತು.

ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕು, ಕೇಳುತ್ತಿದ್ದರು, "ಏನ್ರಿ, ಕುರಿ ಸಿಕ್ತನ್ರಿ?"

ನಾನಿನ್ನೂ ಅಂಗಳದಲ್ಲೇ ಇದ್ದೆ.

ಸ್ವಲ್ಪ ಹೊತ್ತಿನ ಮೇಲೆ ಕಾಕಾ ಕುರಿಯನ್ನು ಹೆಗಲ ಮೇಲೆ ಹೊತ್ತು ಬಂದರು. ಬಿಟ್ಟು ಬಂದದ್ದಕ್ಕೆ ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಕುರಿ ಇಳಿಸಿ, ಹೊಸ್ತಿಲ ಕಡೆ ನೋಡುತ್ತ ಪಿಸುಗುಟ್ಟಿದರು.

"ನೀ ಕರದಿದ್ದು ಕೇಳ್ತು. ನಾ ಬಾಯಿ ತಗದಿರ್ಲಿಲ್ಲ... ನನ್ನ ಬಾಜೂಕ ಯಾರೋ 'ಬಂದ್ನೆಪಾ' ಅಂದ್ರು."

ಆ ದಿನದಿಂದ ಕಾಕಾ ಮನೆಯೊಳಗೆ ಮಲಗಿಲ್ಲ. ಕುರಿ ಹಟ್ಟಿಯಲ್ಲೇ ಕಂಬಳಿ ಹಾಸುತ್ತಾರೆ. ಕರೆದದ್ದನ್ನು ವಾಪಸ್ ಕಳಿಸುವುದು ಹೇಗೆಂದು ಊರಿನ ಹಿರಿಯರನ್ನು ಕೇಳಿದೆ. ಕರೆಯುವ ಶಾಸ್ತ್ರ ಅವರಿಗೆ ಗೊತ್ತು. ಕಳಿಸುವ ಶಾಸ್ತ್ರ ಯಾರೂ ಮಾಡಿಲ್ಲವಂತೆ.

ನಿನ್ನೆ ಊಟಕ್ಕೆ ಕಾಕಾನನ್ನು ಕರೆದು ತಾ ಎಂದು ಕಾಕು ಹೇಳಿದರು. ಹಟ್ಟಿಗೆ ಹೋಗಿ, ಹೆಸರು ಹಿಡಿಯದೆ, ಅವರ ಭುಜ ಮುಟ್ಟಿದೆನಷ್ಟೆ.

"ಬಂದ್ನೆಪಾ..."

ದನಿ ಮನೆಯೊಳಗಿನಿಂದ ಬಂತು. ಕಾಕಾ ನನ್ನ ಕೈ ಬಿಗಿಯಾಗಿ ಹಿಡಿದಿದ್ದರು. ಬಾಯಿ ತೆರೆದಿರಲಿಲ್ಲ.