ಹೋಲ್ಡಾನ್ ಎನ್ನುತ್ತಿದ್ದ ಕಂಡಕ್ಟರ್ ಮಾಮ

ಹೋದ ತಿಂಗಳು ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ಹಸಿರು ರೆಕ್ಸಿನ್ ತುಂಡು ಸಿಕ್ಕಿತು. ಒಂದು ಬದಿಗೆ ದಪ್ಪ ಟವೆಲ್ ಇಟ್ಟು ಹೊಲಿದದ್ದು. ಮಡಚಿದರೆ ಶಾಲೆಯ ಪಾಟಿಯಷ್ಟಾಗುತ್ತದೆ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೂ ಹಳೆಯ ಸರಕಾರಿ ಬಸ್ಸಿನ ವಾಸನೆ... ಡೀಸೆಲ್ಲು, ಬೆವರು, ಬಿಸಿಲಿಗೆ ಕಾದ ಸೀಟು. ಟ್ರಂಕಿನ ಮುಂದೆ ಕೂತೇ ಬಿಟ್ಟೆ. ಬಾಕಿ ಕೆಲಸ ಆ ದಿನ ಆಗಲಿಲ್ಲ.

ಅದನ್ನು ನಮ್ಮ ಮನೆಗೆ ತಂದವರು ಕುಮಟೆಯ ಒಬ್ಬ ನಿವೃತ್ತ ಬಸ್ ಕಂಡಕ್ಟರು. ನಮಗೆಲ್ಲ ಅವರು ಕಂಡಕ್ಟರ್ ಮಾಮ. ಹೆಸರು ಹಿಡಿದು ಕರೆದ ನೆನಪೇ ನನಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹೊನ್ನಾವರದ ಶಾಲೆಯೊಂದರಲ್ಲಿ ಹೊಸದಾಗಿ ಟೀಚರ್ ಆಗಿದ್ದೆ. ನಮ್ಮ ಮನೆ ಅಲ್ಲೇ ಹೊಳೆಯಾಚೆಯ ಕಾಸರಕೋಡದಲ್ಲಿ. ಅಪ್ಪ ತಾಂಡೇಲ, ಅಂದರೆ ಮೀನು ಹಿಡಿಯುವ ದೋಣಿಯಲ್ಲಿ ಎಲ್ಲರೂ ಅವರ ಮಾತು ಕೇಳಬೇಕು. ಬಲೆ ಎಳೆಯಿರಿ ಎಂದು ಅವರು ಕೂಗಿದರೆ ಇಪ್ಪತ್ತೈದು ಜನ ಒಟ್ಟಿಗೆ ಕೈ ಹಾಕುತ್ತಿದ್ದರು. ನಮ್ಮ ಅಪ್ಪನ ದನಿ ಅಳಿವೆಯ ಆಚೆಗೂ ಕೇಳುತ್ತದೆ ಎಂದು ಚಿಕ್ಕವಳಿದ್ದಾಗ ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಅಂಥ ಅಪ್ಪನಿಗೆ ಮೂತ್ರದ ತೊಂದರೆ ಶುರುವಾಯಿತು, ಜೊತೆಗೆ ಬಿಡದ ಸೊಂಟನೋವು. ಊರಿನ ಡಾಕ್ಟರು ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದರು. ಮೂಳೆಗೂ ಹರಡಿದೆ, ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಬೀಜ ತೆಗೆಯುವ ಸಣ್ಣ ಆಪರೇಷನ್ ಮಾಡಿದರೆ ವರ್ಷಗಟ್ಟಲೆ ತಡೆದು ಹಿಡಿಯಬಹುದು ಎಂದರು. ಅಪ್ಪ ಡಾಕ್ಟರ ಮುಖ ಕೂಡ ನೋಡದೆ ಎದ್ದು ಹೊರಗೆ ಬಂದರು.

ಆಯಿ, ಅಂದರೆ ನನ್ನ ಅಮ್ಮ, ಅತ್ತು ಕರೆದು ಇನ್ನೊಮ್ಮೆ ಹೊರಡಿಸಿದಳು. ಅವಳಿಗೆ ಓದು ಬರಹ ಇಲ್ಲ, ಹಾಗಾಗಿ ಜೊತೆಗೆ ನಾನೇ ಹೋಗಬೇಕಿತ್ತು. ಆ ಡಾಕ್ಟರು ಸಿಗುತ್ತಿದ್ದದ್ದು ಗುರುವಾರ ಮಾತ್ರ. ಆ ಗುರುವಾರ ಬಸ್ಸು ಮಂಕಿ ಊರು ದಾಟುವಷ್ಟರಲ್ಲಿ ಅಪ್ಪ ಎದುರಿನ ಸೀಟಿನ ಕಂಬಿಯನ್ನು ಬಿಗಿಹಿಡಿದರು. ಬಸ್ಸು ನಿಲ್ಲಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಸಮುದ್ರದ ಮೇಲೆ ಇದಕ್ಕೆಲ್ಲ ಯಾರನ್ನು ಕೇಳಬೇಕಿತ್ತು? ಮುರ್ಡೇಶ್ವರ ಕ್ರಾಸಿನಲ್ಲಿ ಒದ್ದೆ ಪಂಚೆಯಲ್ಲೇ ಇಳಿದುಬಿಟ್ಟರು. ಹಿಂದೆಯೇ ಇಳಿದ ನನಗೆ "ಎಂತದೂ ಮಾತಾಡ್ಬೇಡ" ಎಂದರು. ಟೆಂಪೋ ಹಿಡಿದು ಮನೆಗೆ ವಾಪಸು ಬಂದೆವು. ಇನ್ನು ಬಸ್ಸು ಹತ್ತುವುದಿಲ್ಲ, ಆಪರೇಷನ್ನೂ ಬೇಡ, ಗಂಡಸಾಗಿಯೇ ಸಾಯುತ್ತೇನೆ ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕಂಡಕ್ಟರ್ ಮಾಮ ಕೂತಿದ್ದರಂತೆ. ನಾವು ಎಲ್ಲಿ ಹತ್ತಿದವರು, ನನ್ನ ಕೈಯಲ್ಲಿ ಯಾವ ಆಸ್ಪತ್ರೆಯ ಫೈಲು ಎಂದು ನೋಡಿಟ್ಟುಕೊಂಡಿದ್ದರು. ಭಾನುವಾರ ಬೆಳಿಗ್ಗೆ ಕಾಸರಕೋಡದಲ್ಲಿ ಇಳಿದು, ದೊಡ್ಡ ಮೀಸೆಯ ಅಪ್ಪ, ಫೈಲು ಹಿಡಿದ ಮಗಳು ಎಂದು ವಿಚಾರಿಸುತ್ತ ಹೆಂಡತಿಯನ್ನೂ ಕರೆದುಕೊಂಡು ಮನೆಗೇ ಬಂದರು. ಗುರುತು ಪರಿಚಯ ಏನೂ ಇಲ್ಲ. ಜಗಲಿಯಲ್ಲಿ ಕೂತವರೇ ಶುರು ಮಾಡಿದರು.

"ತಾಂಡೇಲರೇ, ನಾ ಸುತ್ತಿ ಬಳಸಿ ಹೇಳೂದಿಲ್ಲ. ನಿಮ್ದೇ ಕಾಯಿಲೆ ನಂದು. ತೆಗ್ಸಿ ಮೂರು ವರ್ಷ ಆತು. ಮೀಸೆ ಇಲ್ಲೇ ಇದೆ ನೋಡಿ. ಮನೇಲಿ ನನ್ನ ಮಾತು ಮೊದ್ಲೂ ಯಾರೂ ಕೇಳ್ತಿರ್ಲಿಲ್ಲ, ಈಗ್ಲೂ ಕೇಳೂದಿಲ್ಲ."

ಒಳಗೆ ಕಾಯಿ ತುರಿಯುತ್ತಿದ್ದ ನನಗೆ ಮೈ ಉರಿದು ಹೋಯಿತು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಆಡುವ ಮಾತೇ ಇದು, ಈ ಮನುಷ್ಯನಿಗೆ ನಾಚಿಕೆ ಎಂಬುದು ಇಲ್ಲವೆ ಎಂದುಕೊಂಡೆ. ಅವರು ನಿಲ್ಲಿಸಲಿಲ್ಲ.

"ಒಂದು ಮಾತ್ರ ಆಗ್ತದೆ. ಚಳಿಗಾಲದಲ್ಲೂ ಇದ್ದಕ್ಕಿದ್ದಂಗೆ ಮೈ ಬಿಸಿ ಏರ್ತದೆ, ಬೆವರು ಕಿತ್ಕಂಡು ಬರ್ತದೆ. ನನ್ನ ಹೆಂಡ್ತಿಗೆ ಮುಟ್ಟು ನಿಂತಾಗ ಹಿಂಗೇ ಆಗಿತ್ತು. ಆಗ ನಾ ನಗಾಡಿದ್ದೆ. ಈಗ ಅವಳು ನಗಾಡ್ತಾಳೆ."

ಅಡುಗೆಮನೆಯಲ್ಲಿದ್ದ ಅವರ ಹೆಂಡತಿ ನಿಜಕ್ಕೂ ನಕ್ಕರು. ಜೊತೆಗೆ ಆಯಿಯೂ ನಕ್ಕಳು. ಆಯಿ ನಗದೆ ಎರಡು ತಿಂಗಳಾಗಿತ್ತು. ಆಮೇಲೆ ಇಬ್ಬರೂ ಒಲೆಯ ಹತ್ತಿರ ಕೂತು ಬಹಳ ಹೊತ್ತು ಪಿಸುಗುಟ್ಟಿದರು. "ಅವ್ರು ಸಿಡುಕಿದ್ರೆ ಸಿಟ್ಟು ನಿನ್ನ ಮೇಲಲ್ಲ ತಂಗೀ, ಕಾಯಿಲೆ ಮೇಲೆ" ಎಂದದ್ದಷ್ಟೇ ನನಗೆ ಕೇಳಿಸಿತು. ಆ ಒಂದು ಮಾತು ಆಯಿಗೆ ಎಷ್ಟೋ ವರ್ಷ ಆಸರೆಯಾಯಿತು.

ಹೊರಡುವಾಗ ಮಾಮ ಚೀಲದಿಂದ ಈ ಹಸಿರು ತುಂಡನ್ನು ತೆಗೆದು ಅಪ್ಪನ ಪಕ್ಕದಲ್ಲಿಟ್ಟರು. ಡಿಪೋದಲ್ಲಿ ಸೀಟು ಹೊಲಿಯುವವರ ಹತ್ತಿರ ಉಳಿದ ರೆಕ್ಸಿನ್ ಕೇಳಿ ತಂದು, ಹೆಂಡತಿಯ ಕೈಯಲ್ಲಿ ಟವೆಲ್ ಸೇರಿಸಿ ಹೊಲಿಸಿದ್ದು. ಇಂಥವನ್ನು ಅವರು ಎಷ್ಟು ಜನರಿಗೆ ಕೊಟ್ಟಿದ್ದರೋ... "ಇದ್ನ ಹಾಕ್ಕಂಡು ಕೂತ್ಕಳಿ. ಬರೂ ಗುರುವಾರ ನಾ ಕುಮಟೆಯಿಂದ ಹತ್ತಿ ಬತ್ತೆ, ಸೀಟು ಹಿಡಿದಿಡ್ತೆ" ಎಂದರು. ಮೆಟ್ಟಿಲು ಇಳಿಯುವಾಗ ನನ್ನನ್ನು ಕರೆದು, "ಟೀಚರೇ, ನೀವು ಮುಂದೆ ಹೆಂಗಸರ ಸೀಟಲ್ಲಿ ಕೂತ್ಕಳಿ. ತಿರುಗಿ ಮಾತ್ರ ನೋಡೂದು ಬೇಡ. ಮಗಳು ನೋಡ್ತದೆ ಅಂದ್ರೆ ಅವ್ರಿಗೆ ಮತ್ತೂ ಕಷ್ಟ" ಎಂದರು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಗುರುವಾರ ಅಪ್ಪ ಯಾರೂ ಹೇಳದೆಯೇ ಅಂಗಿ ಹಾಕಿಕೊಂಡು ನಿಂತಿದ್ದರು. ಬಸ್ಸಿನ ಹಿಂದಿನ ಸೀಟಿನಲ್ಲಿ ಮಾಮನ ಜೊತೆ ಸಂತೆಗುಳಿಯ ಒಬ್ಬ ರೈತರಿದ್ದರು, ಮುಂದೆ ಭಟ್ಕಳದಲ್ಲಿ ಜವಳಿ ಅಂಗಡಿಯ ಸಾಹೇಬರೊಬ್ಬರು ಹತ್ತುವವರಿದ್ದರು. ಎಲ್ಲರದೂ ಒಂದೇ ಕಾಯಿಲೆ. ನಾನು ಮುಂದೆ ಕೂತು ಕಿವಿಯನ್ನು ಮಾತ್ರ ಹಿಂದೆ ಬಿಟ್ಟಿದ್ದೆ. ಮಂಕಿ ದಾಟಿದ್ದೇ ಮಾಮ ಡ್ಯೂಟಿಯಲ್ಲಿದ್ದವರಂತೆ "ಹೋಲ್ಡಾನ್" ಎಂದು ಕೂಗಿದರು. ಬಸ್ಸು ಗಕ್ಕನೆ ನಿಂತಿತು. "ನಂಗೆ ಅರ್ಜೆಂಟು ಮಾರಾಯ್ರೆ, ಮುದುಕ ಆದೆ" ಎನ್ನುತ್ತ ಇಳಿದರು. ಅವರ ನೆಪದಲ್ಲಿ ಉಳಿದವರೂ ಇಳಿದರು. ಪ್ರಯಾಣಿಕರು ಅವರನ್ನು ನೋಡಿ ನಕ್ಕರು. ಹತ್ತಿದ ಮೇಲೆ ಅವರೇ "ರೈಟ್" ಎಂದರು.

ಆಪರೇಷನ್ ಆಯಿತು. ಸೊಂಟನೋವು ಇಳಿಯಿತು, ಅಪ್ಪ ಮತ್ತೆ ಬಂದರಿಗೆ ಹೋಗಿ ಎಲ್ಲರಿಗೂ ಬೈಯುವಷ್ಟು ಚೇತರಿಸಿಕೊಂಡರು. ತಪಾಸಣೆಯ ಗುರುವಾರಗಳು ಮಾತ್ರ ನಿಲ್ಲಲಿಲ್ಲ. ಒಮ್ಮೆ ನಾನು ಮಾಮನನ್ನು ಕೇಳಿದೆ, ಪ್ರತಿ ಸಲ ಅರ್ಜೆಂಟು ನಿಮಗೇ ಹೇಗೆ ಆಗುತ್ತದೆ ಎಂದು. "ಇಪ್ಪತ್ತೆಂಟು ವರ್ಷ ಬಸ್ಸಲ್ಲಿ ನಿಂತವ ನಾನು. ಕೂತವ್ರು ಮೊಣಕಾಲು ಒತ್ತಿ ಹಿಡ್ದದ್ದು ನೋಡಿದ್ರೆ ಗೊತ್ತಾಗ್ತದೆ ಟೀಚರೇ" ಎಂದರು. ಎದುರಿನವರು ಬಾಯಿ ಬಿಟ್ಟು ಕೇಳುವ ಮೊದಲೇ ಆ ನಗೆಪಾಟಲನ್ನು ತಾನು ಹೊತ್ತುಕೊಂಡ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಹೀಗೆ ಐದಾರು ವರ್ಷ ಕಳೆಯಿತು. ಸಂತೆಗುಳಿಯವರು ತೀರಿಹೋದರು, ಸಾಹೇಬರು ಮಗನ ಮನೆಗೆ ಹೋದರು. ಹೊಸಬರು ಬಂದರು. ಆಮೇಲೆ ಮಾಮನ ಕಾಯಿಲೆ ತಿರುಗಿ ಬಿತ್ತು. ಸೊರಗಿ ಸೊರಗಿ ಅಂಗಿ ಹೆಗಲಿನಿಂದ ಜಾರುತ್ತಿತ್ತು. ಆದರೂ ಗುರುವಾರ ತಪ್ಪಿಸಲಿಲ್ಲ. ಅವರು ಕೊನೆಯ ಸಲ ಬಂದ ದಿನ ಬಸ್ಸು ಮಂಕಿ ದಾಟಿತು. ಕೂಗು ಕೇಳಲಿಲ್ಲ. ಮುರ್ಡೇಶ್ವರ ಕ್ರಾಸೂ ದಾಟಿತು. ಅಷ್ಟರಲ್ಲಿ ಹಿಂದಿನಿಂದ ಬಂತು,

"ಹೋಲ್ಡಾನ್."

ಅಪ್ಪನ ದನಿ. ಅಳಿವೆಯ ಆಚೆಗೆ ಕೇಳುತ್ತಿದ್ದ ದನಿ.

ಬಸ್ಸು ನಿಂತಿತು. "ಎಂತ ಅಜ್ಜ, ಭಟ್ಕಳ ಇಲ್ಲೇ ಬಂತಲ್ಲ, ಅಲ್ಲಿವರೆಗೆ ತಡ್ಕಳೂಕೆ ಆಗೂದಿಲ್ವಾ?" ಎಂದು ಯಾರೋ ನಕ್ಕರು.

"ಆಗೂದಿಲ್ಲ. ನಂಗೆ ಪ್ರಾಸ್ಟೇಟ್ ಕ್ಯಾನ್ಸರು" ಎಂದರು ಅಪ್ಪ. ಮನೆಯೊಳಗೆ ಕೂಡ ಆ ಶಬ್ದವನ್ನು ಅವರು ಅಂದಿರಲಿಲ್ಲ.

ನಕ್ಕವರು ಕಾಲು ಸರಿಸಿ ದಾರಿ ಬಿಟ್ಟರು. ಮೊದಲ ಸಲ ನಾನು ತಿರುಗಿ ನೋಡಿದೆ. ಅಪ್ಪ ಮಾಮನ ಸೊಂಟಕ್ಕೆ ಕೈ ಹಾಕಿ ಎಬ್ಬಿಸುತ್ತಿದ್ದರು. ಮಾಮನ ಪಂಚೆ ಆಗಲೇ ಅರ್ಧ ಒದ್ದೆಯಾಗಿತ್ತು. ಇಳಿಸಿ ರಸ್ತೆ ಬದಿಯ ಕೆಂಪು ಕಲ್ಲಿನ ಪಾಗಾರದ ಗೋಡೆಯ ಪಕ್ಕ ನಿಲ್ಲಿಸಿ, ಹೆಗಲ ಮೇಲಿನ ಟವೆಲನ್ನು ಅಗಲ ಮಾಡಿ ಮರೆ ಹಿಡಿದು ನಿಂತರು. ಕೆಲವು ವರ್ಷಗಳ ಹಿಂದೆ ತಲೆ ತಗ್ಗಿಸಿ ತಾವೇ ಇಳಿದುಹೋದ ಜಾಗ ಅಲ್ಲಿಂದ ಕೂಗಳತೆಯಲ್ಲಿತ್ತು. ನನಗೆ ಅಳು ಬಂತು, ಹೆಮ್ಮೆಯೂ ಆಯಿತು. ಹತ್ತಿ ಕೂತ ಮೇಲೆ ಮಾಮ ಕಣ್ಣು ಮುಚ್ಚಿಕೊಂಡೇ "ರೈಟ್" ಎಂದರು. ಪಕ್ಕದವರಿಗಷ್ಟೇ ಕೇಳುವಂತಿತ್ತು. ಡ್ರೈವರಿಗೆ ಅದನ್ನು ಮುಟ್ಟಿಸಿದವಳು ನಾನು.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಹೆಂಡತಿ ರೆಕ್ಸಿನ್ ಹೊಲಿಯುವುದನ್ನು ಬಿಡಲಿಲ್ಲ. ಅದನ್ನು ಹಿಡಿದುಕೊಂಡು ಅಪ್ಪ ಮತ್ತು ಆಯಿ ಹೊಸಬರ ಮನೆಗಳಿಗೆ ಹೋಗುತ್ತಿದ್ದರು. "ಮೀಸೆ ಇಲ್ಲೇ ಇದೆ ನೋಡಿ" ಎಂದು ಅಪ್ಪ ಅದೇ ಮಾತಿನಿಂದ ಶುರು ಮಾಡುತ್ತಿದ್ದರಂತೆ. ಎರಡು ವರ್ಷ ಮಾಡಿದರು. ಆಮೇಲೆ ಅಪ್ಪನೂ...

ಕಳೆದ ವಾರ ಕಣ್ಣು ತೋರಿಸಲು ಉಡುಪಿಗೆ ಹೋಗಬೇಕಿತ್ತು. ಹಸಿರು ತುಂಡನ್ನು ಚೀಲದಲ್ಲಿ ಹಾಕಿಕೊಂಡೆ, ಯಾಕೋ ಗೊತ್ತಿಲ್ಲ. ಹೆದ್ದಾರಿ ಅಗಲವಾಗಿದೆ. ಮುರ್ಡೇಶ್ವರ ಕ್ರಾಸ್ ದಾಟಿದ ಮೇಲೆ ಆ ಪಾಗಾರ ಎಲ್ಲಿತ್ತೆಂದು ಹುಡುಕಿದೆ, ಗುರುತು ಸಿಗಲಿಲ್ಲ. ಬಸ್ಸು ಎಲ್ಲೂ ನಿಲ್ಲದೆ ಓಡುತ್ತಿತ್ತು. ಹೆಂಗಸರ ಸೀಟಿನಲ್ಲಿ ಕೂತಿದ್ದ ನಾನು ತಿರುಗಿ ಹಿಂದಿನ ಸೀಟನ್ನು ನೋಡಿದೆ. ಈಗ ನೋಡಬೇಡ ಎನ್ನುವವರು ಯಾರೂ ಉಳಿದಿಲ್ಲ.